ಕ್ಯಾಸನೂರಿನ ವೈರಸ್ಸು, ಮಲೆನಾಡಿನ ದರಕು

ಎಲ್ಲರಿಗೂ ನಮಸ್ಕಾರ.

ಆರ್‌ಎನ್‌ಎ ವೈರಸ್‌ಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಪಟ್ಟಿ ದೊಡ್ಡದಿದೆ. ಫ್ಲೂ, ದಡಾರ, ಪೋಲಿಯೊ, ಡೆಂಗಿ, ಚಿಕೂನ್‌ಗುನ್ಯಾ, ರೇಬಿಸ್, ಎಚ್‌ಐವಿ, ನಿಫಾ, ಕೊರೊನಾ. ಒಂದೊಂದಕ್ಕೆ ಎರಡೆರಡು ಮಾತು ಹೇಳಿ ಮುಗಿಸಿದರೆ ಯಾವುದೂ ತಲೆಯಲ್ಲಿ ಉಳಿಯೋದಿಲ್ಲ. ಅದಕ್ಕೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಮೊದಲು ಪತ್ತೆಯಾದ ಒಂದನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಮಂಗನ ಕಾಯಿಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಹೊತ್ತಿಗೆ ಸುತ್ತಲ ಹಳ್ಳಿಗಳ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಅವರಿಗೆ ಗಾಬರಿಯಾಗಿದ್ದಕ್ಕೆ ಕಾರಣ ಇತ್ತು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದು ದಕ್ಷಿಣ ಅಮೆರಿಕದ ಹಳದಿ ಜ್ವರದ ಲಕ್ಷಣ. ಆ ರೋಗ ಹರಡುವ ಈಡಿಸ್ ಸೊಳ್ಳೆ ನಮ್ಮ ಊರೂರಲ್ಲೂ ಇದೆ, ಆದರೆ ಹಳದಿ ಜ್ವರ ಮಾತ್ರ ಭಾರತಕ್ಕೆ ಬಂದಿರಲಿಲ್ಲ. ಬಂದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ಪರೀಕ್ಷೆ ಮಾಡಿದಾಗ ಅದು ಹಳದಿ ಜ್ವರ ಅಲ್ಲ ಅಂತ ಗೊತ್ತಾಯಿತು. ಆದರೆ ಸಿಕ್ಕ ವೈರಸ್ಸಿನ ಹತ್ತಿರದ ನೆಂಟರು ಇದ್ದದ್ದು ರಷ್ಯಾದಲ್ಲಿ! ಸೈಬೀರಿಯಾ ಕಡೆಯ, ಉಣುಗು ಕಚ್ಚಿ ಬರುವ ಜ್ವರಗಳ ಗುಂಪಿಗೆ ಸೇರಿದ್ದು ಇದು. ಅಷ್ಟು ದೂರದಿಂದ ಇಲ್ಲಿಗೆ ಹೇಗೆ ಬಂತು? ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಮೇಲೆ ಅನುಮಾನ ಹೋಯಿತು. ಪಕ್ಷಿತಜ್ಞ ಸಲೀಂ ಅಲಿಯವರಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ದೊಡ್ಡ ಕೆಲಸ ಶುರು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಬೆಂಬಲ ಕೊಟ್ಟದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿಗಳೇ ತಂದವು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ನಮ್ಮ ದೇಶದ ವಲಸೆ ಹಕ್ಕಿಗಳ ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ಎಷ್ಟೋ ಪಾಲು ಆ ಉಂಗುರಗಳಿಂದ ಬಂದದ್ದು. ಸೊರಬದ ಜ್ವರದಿಂದ ಪಕ್ಷಿಶಾಸ್ತ್ರಕ್ಕೆ ಲಾಭ!

ಈಗ ವೈರಸ್ಸಿನ ಒಳಗೆ ಇಣುಕೋಣ. ನಮ್ಮ ಜೀವಕೋಶಗಳು ವಂಶದ ಮಾಹಿತಿಯನ್ನು ಡಿಎನ್‌ಎಯಲ್ಲಿ ಇಟ್ಟುಕೊಳ್ಳುತ್ತವೆ. ಕೆಲಸಕ್ಕೆ ಬೇಕಾದಾಗ ಬೇಕಾದಷ್ಟನ್ನು ಆರ್‌ಎನ್‌ಎಗೆ ಇಳಿಸಿಕೊಳ್ಳುತ್ತವೆ. ಮಂಗನ ಕಾಯಿಲೆಯ ವೈರಸ್ಸಿನಲ್ಲಿ ಡಿಎನ್‌ಎ ಇಲ್ಲವೇ ಇಲ್ಲ. ಇರುವುದು ಒಂದೇ ಎಳೆಯ ಆರ್‌ಎನ್‌ಎ, ಅದರಲ್ಲಿ ಸುಮಾರು 11,000 ಅಕ್ಷರ. ನಮ್ಮ ಡಿಎನ್‌ಎಯಲ್ಲಿ 300 ಕೋಟಿಗೂ ಜಾಸ್ತಿ. ಈ ಎಳೆ ಜೀವಕೋಶದೊಳಗೆ ಬಿದ್ದ ಕೂಡಲೇ ಕೋಶ ಅದನ್ನು ತನ್ನದೇ ಆದೇಶ ಅಂದುಕೊಂಡು ಓದಿ, ಉದ್ದದ ಒಂದು ಪ್ರೋಟೀನ್ ಸರ ಮಾಡಿಕೊಡುತ್ತದೆ. ಆ ಸರ ತುಂಡಾಗಿ ಹತ್ತು ಪ್ರೋಟೀನ್ ಆಗುತ್ತವೆ. ಮೂರು ವೈರಸ್ಸಿನ ಮೈ ಕಟ್ಟಲಿಕ್ಕೆ, ಏಳು ಉಳಿದ ಕೆಲಸಕ್ಕೆ. ಅಷ್ಟೇ ಬಂಡವಾಳ. ಇಷ್ಟರಲ್ಲೇ ಒಬ್ಬ ಗಟ್ಟಿಮುಟ್ಟಾದ ಕೂಲಿ ಆಳನ್ನು ವಾರಗಟ್ಟಲೆ ಹಾಸಿಗೆಗೆ ಕೆಡವುತ್ತದೆ.

ಆರ್‌ಎನ್‌ಎ ವೈರಸ್ ಅಂದರೆ ಸದಾ ರೂಪ ಬದಲಿಸುತ್ತದೆ ಅಂತ ಕೇಳಿರುತ್ತೀರಿ, ಅಲ್ವಾ? ಅರ್ಧ ನಿಜ. ಓಲೆಗರಿ ನಕಲು ಮಾಡುವವನು ಬರೆದದ್ದನ್ನು ಮತ್ತೆ ಓದಿ ನೋಡದಿದ್ದರೆ ಏನಾಗುತ್ತದೋ ಇಲ್ಲೂ ಹಾಗೆಯೇ. ಇವುಗಳ ನಕಲು ಯಂತ್ರಕ್ಕೆ ತಪ್ಪು ತಿದ್ದುವ ಅಭ್ಯಾಸ ಇಲ್ಲ. ಕೊರೊನಾ ಕುಟುಂಬದಂಥ ಕೆಲವಕ್ಕೆ ಮಾತ್ರ ಇದೆ. ಆದರೆ ತಪ್ಪಾಗುವುದು ಬೇರೆ, ಆ ತಪ್ಪು ಉಳಿದುಕೊಳ್ಳುವುದು ಬೇರೆ. ದಡಾರದ ವೈರಸ್ಸೂ ತಪ್ಪು ಮಾಡುತ್ತದೆ, ಆದರೂ 1960ರ ದಶಕದ ಲಸಿಕೆಯೇ ಇವತ್ತಿಗೂ ಸಾಕು. ಫ್ಲೂಗೆ ಹಾಗಾಗುವುದಿಲ್ಲ.

ಮಂಗನ ಕಾಯಿಲೆಯ ವೈರಸ್ ನಿಧಾನಿ. ಅದು ಉಣುಗಿನೊಳಗೂ ಬದುಕಬೇಕು, ಬಿಸಿರಕ್ತದ ಪ್ರಾಣಿಯೊಳಗೂ ಬದುಕಬೇಕು. ಒಂದು ಕಡೆ ಅನುಕೂಲವಾದ ಬದಲಾವಣೆ ಇನ್ನೊಂದು ಕಡೆ ಮುಳುವಾಗಬಹುದು. ಜೊತೆಗೆ ಉಣುಗು ಒಮ್ಮೆ ರಕ್ತ ಕುಡಿದರೆ ಮುಂದಿನ ಊಟಕ್ಕೆ ತಿಂಗಳುಗಟ್ಟಲೆ ಕಾಯುತ್ತದೆ. ಹಾಗಾಗಿ ಈ ಹತ್ತಾರು ವರ್ಷಗಳಲ್ಲಿ ವೈರಸ್ ಬದಲಾದದ್ದು ಕಡಿಮೆ. ಜಾಸ್ತಿ ಬದಲಾದದ್ದು ಅದರ ಸುತ್ತಲಿನ ನೆಲ ಅಂತ ನನಗನಿಸುತ್ತದೆ.

ಉಣುಗಿನ ಲೆಕ್ಕಾಚಾರ ನೋಡಿ. ನಮಗೆ ಮುಖ್ಯವಾದ ಜಾತಿಯ ಹೆಸರು ಹೀಮಾಫೈಸಾಲಿಸ್ ಸ್ಪೈನಿಜೆರಾ. ಮೊಟ್ಟೆಯೊಡೆದ ಮರಿ ಇಲಿ, ಹೆಗ್ಗಣ, ನೆಲದ ಹಕ್ಕಿಗಳ ರಕ್ತ ಹೀರುತ್ತದೆ. ಪೊರೆ ಕಳಚಿ ನಡುವಿನ ಹಂತಕ್ಕೆ ಬಂದಾಗ ಮಂಗನಿಗೂ ಕಚ್ಚುತ್ತದೆ, ಮನುಷ್ಯನಿಗೂ ಕಚ್ಚುತ್ತದೆ. ಈ ಹಂತದ್ದು ತೀರಾ ಚಿಕ್ಕದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಬಲಿತ ಮೇಲೆ ದನ, ಕಾಡುಕೋಣ, ಜಿಂಕೆ. ಮರಿಯಲ್ಲಿ ಹತ್ತಿದ ಸೋಂಕು ಪೊರೆ ಕಳಚಿದರೂ ಹೋಗುವುದಿಲ್ಲ. ದನಗಳಿಂದ ಮನುಷ್ಯರಿಗೆ ರೋಗ ಬರುವುದಿಲ್ಲ. ಆದರೆ ಕಾಡಂಚಿನಲ್ಲಿ ಮೇಯುವ ದನ ಉಣುಗಿನ ಸಂಖ್ಯೆ ಬೆಳೆಯಲಿಕ್ಕೆ ಒಳ್ಳೆಯ ಊಟ.

ಮಂಗ ಪಾಪ, ನಮ್ಮ ಹಾಗೆಯೇ ಬಲಿ. ಕರಿಮೋರೆಯ ಮುಸಿಯಗಳಂತೂ ಬೇಗ ಸಾಯುತ್ತವೆ. ಸತ್ತ ಮಂಗನ ಮೈ ತಣ್ಣಗಾದಾಗ ಉಣುಗುಗಳು ಇಳಿದು ಸುತ್ತಲ ನೆಲಕ್ಕೆ ಹರಡುತ್ತವೆ. ಅದಕ್ಕೇ ಸತ್ತ ಜಾಗದ ಸುತ್ತ 50 ಮೀಟರ್‌ವರೆಗೆ ಮೆಲಾಥಿಯಾನ್ ಕೀಟನಾಶಕ ಹೊಡೆಯುವುದು. 2012ರಲ್ಲಿ ಬಂಡೀಪುರದ ಕಡೆ ಸತ್ತ ಮಂಗಗಳನ್ನು ಮುಟ್ಟಿ ಸುಟ್ಟ ಅರಣ್ಯ ಸಿಬ್ಬಂದಿಗೇ ರೋಗ ಬಂತು. ದಯವಿಟ್ಟು ಯಾರೂ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಹೇಳಿ.

ನಡುವಿನ ಹಂತದ ಉಣುಗು ಜಾಸ್ತಿ ಇರುವುದು ಮಳೆ ಮುಗಿದ ಮೇಲಿನ ಒಣ ತಿಂಗಳುಗಳಲ್ಲಿ. ಡಿಸೆಂಬರಿನಿಂದ ಮೇ ತನಕ ಅಂದುಕೊಳ್ಳಿ. ನಮ್ಮ ಜನ ಕಾಡಿಗೆ ಹೋಗುವುದೂ ಆಗಲೇ. ದರಕು, ಅಂದರೆ ಉದುರಿದ ಒಣ ಎಲೆ ಗುಡಿಸಬೇಕು, ಕೊಟ್ಟಿಗೆಗೆ ಹಾಸಬೇಕು, ಅಡಿಕೆ ತೋಟಕ್ಕೆ ಗೊಬ್ಬರ ಆಗಬೇಕು, ಸೌದೆ ಬೇಕು. ಉಣುಗು ಇರುವುದು ಆ ದರಕಿನಲ್ಲೇ. 1983ರಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದಲ್ಲಿ ರೋಗ ಎದ್ದು ಸಾವಿರಕ್ಕೂ ಹೆಚ್ಚು ಜನ ಮಲಗಿದರು. 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಕಾಣಿಸಿಕೊಂಡಾಗಲೂ ಗೇರು ತೋಟದ ಕೆಲಸಗಾರರೇ ಸಿಕ್ಕಿಬಿದ್ದರು. ಅಷ್ಟರಲ್ಲಿ ವಯನಾಡಿನಲ್ಲೂ ಬಂದಿತ್ತು, 2016ರ ಹೊತ್ತಿಗೆ ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ಬಂತು. ಇದರಲ್ಲಿ ಒಂದು ಪಾಲು, ಮೊದಲೇ ಇದ್ದದ್ದು ಒಳ್ಳೆಯ ಪರೀಕ್ಷೆಗಳಿಂದ ಈಗ ಕಣ್ಣಿಗೆ ಬಿದ್ದದ್ದೂ ಇರಬಹುದು.

"ಕಾಡಿಗೆ ಹೋಗಬೇಡಿ" ಅನ್ನುವ ಬೋರ್ಡು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಹೋಗದಿದ್ದರೆ ಸೌದೆ, ಗೊಬ್ಬರ ಯಾರು ಕೊಡುತ್ತಾರೆ? ಹೋಗುವವರಿಗೆ ಉಪಯೋಗಕ್ಕೆ ಬರುವ ಮಾತು ಹೇಳಬೇಕು. ಮೈತುಂಬ ಬಟ್ಟೆ ಹಾಕಿ, ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿ ಹೋಗಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ.

ಜ್ವರ ಬಂದರೆ ಹೇಗಿರುತ್ತದೆ? ಉಣುಗು ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ದಿಢೀರ್ ಜ್ವರ, ಹಣೆಯಲ್ಲಿ ವಿಪರೀತ ನೋವು, ಮೈಕೈ ನೋವು, ಕೆಲವರಿಗೆ ವಾಂತಿ ಭೇದಿ, ವಸಡಿನಲ್ಲಿ, ಮೂಗಿನಲ್ಲಿ ರಕ್ತ. ಬಹಳ ಜನ ಒಂದೆರಡು ವಾರದಲ್ಲಿ ಏಳುತ್ತಾರೆ. ಆದರೆ ನೂರಕ್ಕೆ ಹತ್ತಿಪ್ಪತ್ತು ಜನರಿಗೆ ಜ್ವರ ಇಳಿದ ಮೇಲೆ ಮತ್ತೆ ಬರುತ್ತದೆ, ಆಗ ಮಿದುಳಿಗೂ ಪೆಟ್ಟಾಗಬಹುದು. ಸಾವು ನೂರಕ್ಕೆ ಮೂರರಿಂದ ಐದು. ಪ್ಲೇಟ್‌ಲೆಟ್ ಇಳಿಯುವುದರಿಂದ ಡೆಂಗಿ ಅಂತ ತಪ್ಪು ತಿಳಿಯುವುದೂ ಉಂಟು. ಹಾಗಾಗಿ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಹೇಳಿ. ಮೊದಲ ದಿನಗಳಲ್ಲೇ ರಕ್ತ ಕೊಟ್ಟರೆ ಪಿಸಿಆರ್ ಪರೀಕ್ಷೆಯಲ್ಲಿ ಸಿಗುತ್ತದೆ. ಸುಮ್ನೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಕೆಲವು ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ, ರೋಗಿಯನ್ನು ದೂರ ಇಡಬೇಕಿಲ್ಲ.

ಈ ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಇಲ್ಲ. ಲಸಿಕೆ ಇತ್ತು. 1990ರಿಂದ ಕೊಟ್ಟರು. 2005ರಿಂದ 2010ರವರೆಗಿನ ಲೆಕ್ಕದಲ್ಲಿ ಎರಡು ಡೋಸಿಗೆ ರಕ್ಷಣೆ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು. ಆದರೆ ವರ್ಷ ವರ್ಷ ಬೂಸ್ಟರ್ ಬೇಕು, ಚುಚ್ಚಿದ ಜಾಗ ನೋಯುತ್ತಿತ್ತು, ಜನ ಎರಡನೇ ಸಲ ಬರುತ್ತಿರಲಿಲ್ಲ. ಕೊನೆಗೆ ಅದರ ಶಕ್ತಿಯೇ ಸಾಲದು ಅಂತ ಕಂಡು 2022ರಲ್ಲಿ ನಿಲ್ಲಿಸಿದರು. ಇಷ್ಟು ನಿಧಾನವಾಗಿ ಬದಲಾಗುವ ವೈರಸ್ಸಿಗೆ ಒಳ್ಳೆಯ ಲಸಿಕೆ ಕಷ್ಟವಾಗಬಾರದು. ಬಡ ಹಳ್ಳಿಗಳ ರೋಗ, ವರ್ಷಕ್ಕೆ ನಾಲ್ಕೈದು ನೂರು ಜನ, ಮಾರುಕಟ್ಟೆ ಚಿಕ್ಕದು, ಅದಕ್ಕೇ ತಡ ಅಂತ ನನ್ನ ಅನಿಸಿಕೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಈಗ ಹೊಸ ಲಸಿಕೆಯ ಕೆಲಸಕ್ಕೆ ಕೈ ಹಾಕಿದೆ. ಅದು ಬಂದಾಗ ಎಷ್ಟು ಡೋಸು, ಎಷ್ಟು ವರ್ಷ ರಕ್ಷಣೆ ಅಂತ ಮೊದಲು ಕೇಳಿ. ದರಕಿನ ಕೆಲಸ ಶುರುವಾಗುವ ಮೊದಲೇ, ಮಳೆಗಾಲದಲ್ಲೇ ಕೊಡುತ್ತಾರಾ ಅಂತಲೂ ಕೇಳಿ.