ಅಜ್ಜನ ಬೈರಾಸು, ಅಡಿಕೆಯ ರೇಟು

ಹಿಂದೆ ಕೂತವರಿಗೆ ಕೇಳ್ತದಾ? ಆಯ್ತು. ಸ್ವಾತಂತ್ರ್ಯ, ಮಾರ್ಕೆಟ್ ಅಂತ ದೊಡ್ಡ ವಿಷಯ ಕೊಟ್ಟಿದ್ದಾರೆ, ನಾನು ನನ್ನ ಅಜ್ಜನ ಬೈರಾಸಿನಿಂದ, ಹೆಗಲಿಗೆ ಹಾಕುವ ಆ ಟವೆಲಿನಿಂದ, ಶುರು ಮಾಡ್ತೇನೆ.

ಅಜ್ಜ ಕಾಸರಗೋಡು ಕಡೆಯ ಬದಿಯಡ್ಕ ಹತ್ರ ಗೇಣಿ ಒಕ್ಕಲು. ದಣಿ ಒಳ್ಳೆಯವರೇ, ಸುಳ್ಳು ಹೇಳ್ಬಾರ್ದು, ತೋಟಕ್ಕೆ ಕೊಳೆರೋಗ ಬಂದ ವರ್ಷ ಗೇಣಿ ಬಿಟ್ಟದ್ದೂ ಉಂಟು. ಆದ್ರೂ ದಣಿಯ ಅಂಗಳ ಮೆಟ್ಟುವಾಗ ಅಜ್ಜನ ಹೆಗಲಲ್ಲಿದ್ದ ಬೈರಾಸು ತನ್ನಷ್ಟಕ್ಕೆ ಕಂಕುಳಿಗೆ ಹೋಗ್ತಿತ್ತು. ಯಾರೂ ಗದರಿಸಿದ್ದಲ್ಲ. ಯಾರೂ ಅಡ್ಡ ಬಾರದಿದ್ರೆ ಅದೇ ಸ್ವಾತಂತ್ರ್ಯ ಅಂತಾದ್ರೆ ಅಜ್ಜ ಸ್ವತಂತ್ರರೇ ಅಲ್ವಾ, ದಣಿ ಅಡ್ಡ ಬರ್ಲೇ ಇಲ್ಲ. ರಿಪಬ್ಲಿಕನ್ ವಿಚಾರದವರು (ಅಮೆರಿಕದ ಪಾರ್ಟಿ ಅಲ್ಲ ಮಾರಾಯ್ರೆ, ಹಳೇ ರೋಮಿನ ಗಣರಾಜ್ಯದ ಕಡೆಯವರು) ಇದನ್ನು ಒಪ್ಪೂದಿಲ್ಲ. ರೋಮನ್ ಕಾನೂನಲ್ಲಿ ಗುಲಾಮ ಅಂದ್ರೆ ಪೆಟ್ಟು ತಿನ್ನುವವ ಅಂತಲ್ಲ, ಇನ್ನೊಬ್ಬನ ಅಧೀನದಲ್ಲಿರುವವ. ಯಜಮಾನ ಊರಲ್ಲೇ ಇಲ್ಲದಿದ್ರೂ ಗುಲಾಮ ಗುಲಾಮನೇ. 1997ರಲ್ಲಿ ಐರ್ಲೆಂಡಿನ ತತ್ವಶಾಸ್ತ್ರಜ್ಞ ಫಿಲಿಪ್ ಪೆಟಿಟ್ ಪುನಃ ಎತ್ತಿದ್ದು ಇದನ್ನೇ: ನಿಮ್ಮ ಬದುಕಿಗೆ ಮನಸ್ಸು ಬಂದ ಹಾಗೆ ಕೈಹಾಕುವ ತಾಕತ್ತು ಒಬ್ಬನಿಗಿದ್ರೆ ಸಾಕು, ನೀವು ಸ್ವತಂತ್ರರಲ್ಲ, ಅವ ಕೈ ಹಾಕ್ಲೇಬೇಕಂತಿಲ್ಲ.

1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿಯೇ ಹೋಯ್ತು. ಇನ್ನು ಅಜ್ಜ ಯಾರಿಗೆ ತಗ್ಗಬೇಕು? ಅಡಿಕೆ ಅಂಗಡಿಯವನಿಗೆ! ಮಳೆಗಾಲದಲ್ಲಿ ಅಡ್ವಾನ್ಸ್ ತಗೊಂಡಾಗಿದೆ, ಚಾಲಿ (ಒಣಗಿಸಿ ಸುಲಿದ ಅಡಿಕೆ) ಅಲ್ಲಿಗೇ ಹಾಕ್ಬೇಕು, ಅವ ಗೋಣಿಯಿಂದ ಒಂದು ಹಿಡಿ ತೆಗ್ದು ಎರಡು ಅಡಿಕೆ ಕತ್ತರಿಸಿ ನೋಡಿ "ಇದು ಪಟೋರ" ಅಂದ್ರೆ ಪಟೋರವೇ, "ಕರಿಗೋಟು" ಅಂದ್ರೆ ಕರಿಗೋಟೇ, ಎರಡೂ ಕಮ್ಮಿ ರೇಟಿನ ದರ್ಜೆ. ಬೈರಾಸು ಪುನಃ ಕಂಕುಳಿಗೆ.

ಹಾಗಂತ ಮಾರ್ಕೆಟ್ಟೇ ವೈರಿ ಅಂತ ನಂಗೆ ಅನ್ಸೂದಿಲ್ಲ. 1776ರಲ್ಲೇ ಅರ್ಥಶಾಸ್ತ್ರದ ಆಡಂ ಸ್ಮಿತ್ ಹೇಳಿದ್ದುಂಟು, ನೂರು ಗಿರಾಕಿಗಳಿಂದ ಹೊಟ್ಟೆ ಹೊರೆಯುವವ ಅವರಲ್ಲಿ ಯಾವೊಬ್ಬನನ್ನೂ ಪೂರ್ತಿ ನಂಬಿಕೊಂಡು ಕೂರಬೇಕಾಗಿಲ್ಲ ಅಂತ. ಅಜ್ಜನಿಗಿದ್ದದ್ದು ಒಂದೇ ಗಿರಾಕಿ. 1973ರಲ್ಲಿ ಅಡಿಕೆ ಕೊಳ್ಳುವ, ಬೆಳೆಗಾರರದ್ದೇ ಸಹಕಾರಿ ಸಂಘ ಕ್ಯಾಂಪ್ಕೊ ಶುರುವಾಯ್ತು, ಅಡ್ವಾನ್ಸ್ ತೀರಿಸಿದ ಮೇಲೂ ಅಜ್ಜ ಹೆಚ್ಚಿನ ವರ್ಷ ಹಾಕಿದ್ದು ಆ ಹಳೇ ಅಂಗಡಿಗೇ, ಆದ್ರೆ ಅವನ ಬಾಯಲ್ಲಿ ಪಟೋರ ಕಮ್ಮಿಯಾಯ್ತು.

ರೇಟು ಬೀಳೂದು ಬೇರೆ ಸಂಗತಿ. ಅದು ಯಾರೊಬ್ಬನ ಮರ್ಜಿಯಲ್ಲ, ಮಳೆ ಕೈಕೊಟ್ಟ ಹಾಗೆ ಅಂತ ವಾದ ಉಂಟು. ನಂಗೆ ಪೂರ್ತಿ ಒಪ್ಪಿಗೆ ಇಲ್ಲ, ಮಳೆಗೆ ಇಂಪೋರ್ಟ್ ಡ್ಯೂಟಿ ಇಲ್ಲ, ಅಡಿಕೆಗೆ ಉಂಟು, ಅದನ್ನು ಡೆಲ್ಲಿಯಲ್ಲಿ ಕೂತು ಮಾಡ್ತಾರೆ.

1869ರಲ್ಲಿ ಫಿಲಡೆಲ್ಫಿಯಾದಲ್ಲಿ ನೈಟ್ಸ್ ಆಫ್ ಲೇಬರ್ ಅಂತ ಕಾರ್ಮಿಕರ ಸಂಘ ಹುಟ್ಟಿತು, ಅವರು ಇನ್ನೂ ಮುಂದೆ ಹೋದ್ರು: ಸಂಬಳಕ್ಕೆ ದುಡಿಯೂದೇ ಅಧೀನತೆ, ಕಾರ್ಖಾನೆ ದುಡಿಯುವವರದ್ದೇ ಸಹಕಾರಿ ಆಗ್ಬೇಕು ಅಂತ. ಇದು ಓದುವಾಗ ನಂಗೆ ಸ್ವಲ್ಪ ಚುಚ್ಚಿತು. ಜೂನಲ್ಲಿ ಅಡಿಕೆ ಮರಕ್ಕೆ ಮದ್ದು ಬಿಡುವವರಿಗೆ ಫೋನ್ ಮಾಡಿ "ಅಣ್ಣಾ, ನಾಳೆಯಾದ್ರೂ ಬರ್ತೀರಾ" ಅಂತ ಕೇಳುವಾಗ ಬೈರಾಸು ಕಂಕುಳಲ್ಲಿರೂದು ನಂದೇ, ಅವರಿಗೆ ಹತ್ತು ತೋಟ ಕಾಯ್ತಾ ಉಂಟು. ಆದ್ರೆ ಅಡಿಕೆ ಸುಲೀಲಿಕ್ಕೆ ಬರುವ ಅಕ್ಕ, ನಮ್ಮ ಮನೆ ಬಿಟ್ರೆ ಅವ್ರಿಗೆ ಹತ್ರದಲ್ಲಿ ಬೇರೆ ಕೆಲ್ಸ ಇಲ್ಲ, ಈಗ್ಲೂ ಜಗಲಿ ಹತ್ತೂದಿಲ್ಲ, ಅಂಗಳದಲ್ಲೇ ನಿಂತು ಸಂಬಳ ತಗೊಳ್ತಾರೆ. ಹತ್ಬೇಡಿ ಅಂತ ನಾನು ಯಾವತ್ತೂ ಹೇಳಿದವನಲ್ಲ.