ಬಡ್ಡಿ ಅಂದ್ರ ಜೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮುಂಬಯಿಯ ಫೋರ್ಟ್‌ನಲ್ಲಿ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಹದಿನಾಲ್ಕನೇ ವರ್ಷಕ್ಕೆ ಕಾರ್ಕಳದ ಕಡೆಯಿಂದ ಬಂದೆ. ಹಗಲು ಹೋಟೆಲಿನಲ್ಲಿ ಕೆಲಸ ಮಾಡಿ, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದೆ. ಇವತ್ತು ನಿಮ್ಮ ಜೊತೆ ಒಂದು ಪದದ ಬಗ್ಗೆ ಮಾತಾಡಬೇಕು.

ನಮ್ಮಲ್ಲಿಗೆ ದಿನಾ ಬೆಳಿಗ್ಗೆ ಏಳಕ್ಕೆ ಒಬ್ಬರು ಬರುತ್ತಾರೆ. ಬೆಳಗಾವಿ ಕಡೆಯವರು. ಸೈನ್ಯದಿಂದ ನಿವೃತ್ತಿಯಾಗಿ ಈಗ ಹತ್ತಿರದ ಬ್ಯಾಂಕಿನಲ್ಲಿ ಕಾವಲು ಕೆಲಸ ಮಾಡುತ್ತಾರೆ. ನಾವೆಲ್ಲ ಅವರನ್ನು ಸುಬೇದಾರ್ರು ಅಂತಲೇ ಕರೆಯುವುದು. ಎರಡು ಇಡ್ಲಿ, ಒಂದು ಚಹಾ, ಜಾಸ್ತಿ ಮಾತಿಲ್ಲ. ತಿಂಗಳಿಗೊಂದು ಭಾನುವಾರ ಮಾತ್ರ ಹಿಂದಿನ ದಿನವೇ ಅರ್ಧ ಕಿಲೋ ಶೀರಾ ಕಟ್ಟಿಸಿಕೊಳ್ಳುತ್ತಾರೆ. ಯಾರಿಗೆ ಅಂತ ಒಮ್ಮೆ ಕೇಳಿದೆ.

‘ನನ್ನ ಬಡ್ಡಿ ಖಡ್ಕಿಯೊಳಗ ಅದಾನ್ರಿ ಶೆಟ್ರ’ ಅಂದರು.

ನನಗೆ ಬಡ್ಡಿ ಅಂದರೆ ಸಾಲದ ಬಡ್ಡಿ ಮಾತ್ರ ಗೊತ್ತು. ಯಾರೋ ಪುಣೆಯ ಖಡ್ಕಿಯಲ್ಲಿ ಇವರಿಗೆ ದುಡ್ಡು ಕೊಡಬೇಕೇನೋ ಅಂದುಕೊಂಡೆ. ಅವರು ಚಹಾದ ಲೋಟ ಕೆಳಗಿಟ್ಟು ಹೇಳಿದರು: ‘ಬಡ್ಡಿ ಅಂದ್ರ ಜೋಡಿ ಇರಾಂವ್ರಿ. ಅಂವಾ ನನ್ನ ನೋಡ್ಕೋಬೇಕು, ನಾ ಅಂವನ್ನ ನೋಡ್ಕೋಬೇಕು. ಅಷ್ಟ.’

ಬೆಳಗಾವಿ ಅಂದರೆ ಮರಾಠಾ ಲಘು ಪದಾತಿ ದಳದ ಊರು. ಸೈನ್ಯದ ಕಮಾಂಡೊ ತರಬೇತಿಯ ಶಾಲೆ ಇರುವುದೂ ಅಲ್ಲೇ. ಅದೇ ದಳದ 21ನೇ ಬೆಟಾಲಿಯನ್ 1996ರಲ್ಲಿ ಪ್ಯಾರಾ ಸ್ಪೆಷಲ್ ಫೋರ್ಸಸ್, ಅಂದರೆ ಪ್ಯಾರಾಚೂಟಿನಿಂದ ಧುಮುಕುವ ಕಮಾಂಡೊ ಪಡೆ ಆಯಿತು. ಮೆರೂನ್ ಬಣ್ಣದ ಟೋಪಿ, ಎದೆಯ ಮೇಲೆ ‘ಬಲಿದಾನ’ ಬಿಲ್ಲೆ. ಅದನ್ನು ಹಾಕಿಕೊಳ್ಳಲು ತಿಂಗಳುಗಟ್ಟಲೆ ಪರೀಕ್ಷೆ ನಡೆಯುತ್ತದೆ. ನಿದ್ದೆ ಇರುವುದಿಲ್ಲ. ಬೆನ್ನ ಮೇಲೆ ಭಾರ ಹೊತ್ತು ಮೈಲಿಗಟ್ಟಲೆ ಓಡಬೇಕು. ಆಸೆಪಟ್ಟು ಬಂದವರಲ್ಲಿ ತುಂಬಾ ಜನ ನಡುವೆಯೇ ತಮ್ಮ ಹಳೆಯ ಪಲ್ಟಣಕ್ಕೆ ವಾಪಸ್ ಹೋಗುತ್ತಾರೆ. ಉಳಿದವರ ಮೈಕಟ್ಟಿನ ಬಗ್ಗೆ ನಾವು ಮಾತಾಡುತ್ತೇವೆ, ಬಂದೂಕಿನ ಬಗ್ಗೆ ಮಾತಾಡುತ್ತೇವೆ. ಸುಬೇದಾರ್ರು ಎರಡರ ಬಗ್ಗೆಯೂ ಮಾತಾಡಿದ್ದಿಲ್ಲ. ಅವರು ಹೇಳಿದ್ದು ವಿಮಾನದ ಬಾಗಿಲಿನ ಹತ್ತಿರದ ಒಂದು ನಿಮಿಷದ ವಿಷಯ. ಧುಮುಕುವ ಮೊದಲು ನಿನ್ನ ಪ್ಯಾರಾಚೂಟಿನ ಹಿಂಭಾಗ ನಿನಗೆ ಕಾಣುವುದಿಲ್ಲ. ಹಿಂದೆ ನಿಂತವನು ನೋಡಬೇಕು. ಪಟ್ಟಿ ಎಳೆದು, ಕೊಂಡಿ ಮುಟ್ಟಿ, ಎಲ್ಲಾ ಸರಿ ಇದ್ದರೆ ಬೆನ್ನ ಮೇಲೆ ಎರಡು ಸಲ ತಟ್ಟುತ್ತಿದ್ದ ಅವರ ಬಡ್ಡಿ. ಆ ಎರಡು ಪೆಟ್ಟು ಬಿದ್ದ ಮೇಲೆ ತನಗೆ ಯಾವತ್ತೂ ಹೆದರಿಕೆ ಆಗಿಲ್ಲ ಅಂದರು.

ಇದನ್ನು ಕೇಳಿದ ಮೇಲೆ, ಮುಂಬಯಿಯ ಮೇಲೆ ಭಯೋತ್ಪಾದಕರ ದಾಳಿ ನಡೆದ 2008ರ ನವೆಂಬರ್ 26 ನನಗೆ ಬೇರೆ ಥರ ನೆನಪಾಗತೊಡಗಿತು.

ಆ ರಾತ್ರಿ ನಾವು ಹೋಟೆಲಿನ ಶಟರ್ ಅರ್ಧಕ್ಕೆ ಎಳೆಯುವ ಹೊತ್ತಿಗೆ ಸದ್ದು ಶುರುವಾಯಿತು. ಮೊದಲು ಪಟಾಕಿ ಅಂದುಕೊಂಡೆವು. ಆಮೇಲೆ ಯಾರೋ ಓಡಿಬಂದು ಸಿಎಸ್‌ಟಿ ಸ್ಟೇಷನ್ನಿನಲ್ಲಿ ಜನರನ್ನು ಕೊಲ್ಲುತ್ತಿದ್ದಾರೆ ಅಂದ. ಶಟರ್ ಪೂರ್ತಿ ಎಳೆದು, ದೀಪ ಆರಿಸಿ, ಹುಡುಗರೆಲ್ಲ ಅಟ್ಟದ ಮೇಲೆ ಕೂತೆವು. ಊರಿಂದ ಫೋನು ಬರುತ್ತಲೇ ಇತ್ತು. ‘ಮಗಾ, ಹೊರಗೆ ಹೋಗಬೇಡ’ ಅಂತ ಅಮ್ಮ ಅಳುತ್ತಿದ್ದಳು. ದೂರದಲ್ಲಿ ತಾಜ್ ಹೋಟೆಲಿನ ಕಡೆಯಿಂದ ದೊಡ್ಡ ಸದ್ದು ಕೇಳಿದಾಗಲೆಲ್ಲ ಪಾತ್ರೆಗಳು ಅದುರುತ್ತಿದ್ದವು. ಅಟ್ಟದ ಮೇಲೆ ಹದಿನೇಳು ವರ್ಷದ ಮಾಣಿಯೊಬ್ಬ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದ. ಬೆಳಗಿನವರೆಗೂ ಬಿಡಲಿಲ್ಲ.

ನಾವು ಹೀಗೆ ಒಳಗೆ ಕೂತಿದ್ದಾಗ ತಾಜ್‌ನ ಒಳಹೊಕ್ಕವರಲ್ಲಿ ನೌಕಾಪಡೆಯ ಕಮಾಂಡೊಗಳಾದ ಮಾರ್ಕೋಸ್ ಇದ್ದರು. 1987ರಲ್ಲಿ ಕಟ್ಟಿದ ಪಡೆ ಅದು. ಮುಂಬಯಿಯಲ್ಲೇ ನೆಲೆ ಇದ್ದುದರಿಂದ ಅವರು ಬೇಗ ಬಂದರು. ತಾಜ್‌ನ ಒಂದು ಕತ್ತಲೆ ಕೋಣೆಗೆ ಮೊದಲು ಕಾಲಿಟ್ಟವರು ಪ್ರವೀಣ್ ಕುಮಾರ್ ತೇವತಿಯಾ. ಗುಂಡುಗಳು ಬಿದ್ದವು. ಶ್ವಾಸಕೋಶ ಹರಿಯಿತು, ಕಿವಿಗೆ ಪೆಟ್ಟಾಯಿತು. ಬದುಕಿದರು. ಶೌರ್ಯ ಚಕ್ರ ಬಂತು. ಆದರೆ ಆ ಶ್ವಾಸಕೋಶ, ಆ ಕಿವಿಯಿಂದಾಗಿ ಮಾರ್ಕೋಸ್‌ನ ಕಠಿಣ ಕೆಲಸ ಕೈಬಿಟ್ಟುಹೋಯಿತು. ಆಮೇಲೆ ಅವರು ಓಡಲು ಶುರುಮಾಡಿದರು. 2017ರಲ್ಲಿ ಲಡಾಖಿನ ಖರ್ದುಂಗ್ ಲಾದಲ್ಲಿ 72 ಕಿಲೋಮೀಟರ್ ಓಟ ಮುಗಿಸಿದರು. 17,000 ಅಡಿಗಿಂತ ಎತ್ತರದ ಕಣಿವೆದಾರಿ ಅದು. ಒಳ್ಳೆಯ ಶ್ವಾಸಕೋಶ ಇದ್ದವರಿಗೇ ಅಲ್ಲಿ ಏದುಸಿರು ಬರುತ್ತದೆ.

ರಾಷ್ಟ್ರೀಯ ಭದ್ರತಾ ಪಡೆಯ ಕಮಾಂಡೊಗಳು, ಅಂದರೆ ಎನ್‌ಎಸ್‌ಜಿಯವರು, ಹರಿಯಾಣದ ಮಾನೇಸರ್‌ನಿಂದ ಬರಬೇಕಿತ್ತು. ದೆಹಲಿಯಿಂದ ವಿಮಾನ, ವಿಮಾನ ನಿಲ್ದಾಣದಿಂದ ನಮ್ಮದೇ ಬೆಸ್ಟ್ ಬಸ್ಸು. ಮುಂಬಯಿಗೆ ಅಂತಲೇ ಅವರದೊಂದು ತಂಡ ಬಂದದ್ದು ಮಾರನೇ ವರ್ಷ, 2009ರಲ್ಲಿ. ಈ ಪಡೆಯಲ್ಲೂ ಜೋಡಿಯೇ ಮುಖ್ಯ. ಒಬ್ಬ ಬಾಗಿಲು ದಾಟಿದರೆ ಇನ್ನೊಬ್ಬ ಅವನ ಹಿಂದಿನ ಮೂಲೆ ನೋಡುತ್ತಾನೆ.

ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹೆಸರು ನಿಮಗೆಲ್ಲ ಗೊತ್ತು. ಬೆಂಗಳೂರಿನಲ್ಲಿ ಬೆಳೆದ ಹುಡುಗ. ಇಲ್ಲೇ ಪುಣೆಯ ಖಡಕ್‌ವಾಸ್ಲಾದ ಸೈನಿಕ ಅಕಾಡೆಮಿ ಎನ್‌ಡಿಎಯಲ್ಲಿ ಕಲಿತವರು. ತಾಜ್‌ನ ಮೆಟ್ಟಿಲಿನ ಹತ್ತಿರ ಅವರ ಜೊತೆಗಿದ್ದ ಕಮಾಂಡೊಗೆ ಗುಂಡು ತಗುಲಿತು. ಅವನನ್ನು ಮೊದಲು ಹೊರಗೆ ಸಾಗಿಸುವ ಏರ್ಪಾಡು ಮಾಡಿದರು. ಆಮೇಲೆ ಗುಂಡು ಹಾರಿಸಿದವರ ಬೆನ್ನು ಹತ್ತಿ ಒಬ್ಬರೇ ಹೋದರು. ‘ಮೇಲೆ ಬರಬೇಡಿ, ನಾನು ನೋಡಿಕೊಳ್ಳುತ್ತೇನೆ’ ಅಂತ ತಂಡಕ್ಕೆ ಹೇಳಿದ್ದರು ಎಂದು ಎನ್‌ಎಸ್‌ಜಿ ಅಧಿಕಾರಿಗಳು ಆಮೇಲೆ ತಿಳಿಸಿದರು. ಆಗ ಅವರಿಗೆ 31 ವರ್ಷ.

ಈ ಮಾತನ್ನು ನಾನು ಎಷ್ಟೋ ವರ್ಷ ಧೈರ್ಯದ ಮಾತು ಅಂತ ಕೇಳಿದ್ದೆ. ಧೈರ್ಯವೂ ಹೌದು. ಆದರೆ ಸುಬೇದಾರ್ರು ಹೇಳಿದ ಮೇಲೆ ಅದರಲ್ಲಿ ಇನ್ನೇನೋ ಕೇಳಿಸಿತು. ‘ನಾನು ನೋಡಿಕೊಳ್ಳುತ್ತೇನೆ’ ಅನ್ನುವುದು ನಮ್ಮ ಮನೆಗಳಲ್ಲಿ ದೊಡ್ಡಣ್ಣ ಆಡುವ ಮಾತು, ಅಲ್ವಾ? ತಮ್ಮಂದಿರಿಗೆ ಏನೂ ಆಗಬಾರದು ಅಂತ ಹೇಳುವ ಮಾತು ಅದು.

ನರಿಮನ್ ಹೌಸಿನದೂ ಇದೇ ಥರದ್ದು. ಕೊಲಾಬಾದ ಇಕ್ಕಟ್ಟು ಗಲ್ಲಿಯ ಕಟ್ಟಡ. ದಾಳಿಕೋರರು ಅಲ್ಲೂ ಹೊಕ್ಕಿದ್ದರು. ಎನ್‌ಎಸ್‌ಜಿಯವರು ಹೆಲಿಕಾಪ್ಟರ್‌ನಿಂದ ಹಗ್ಗ ಹಿಡಿದು ಮಾಳಿಗೆಗೆ ಇಳಿದರು. ಒಳಗೆ ಹವಾಲ್ದಾರ್ ಗಜೇಂದ್ರ ಸಿಂಗ್ ಬಿಷ್ಟ್ ಗುಂಡು ತಗುಲಿದ ಮೇಲೂ ಹಿಂದೆ ಸರಿಯಲಿಲ್ಲ. ಜೊತೆಯವರಿಗೆ ದಾರಿಯಾಗಲಿ ಅಂತ ಮುಂದೆ ನಿಂತರು. ಅವರೂ, ಸಂದೀಪ್ ಅವರೂ ತೀರಿಕೊಂಡ ಮೇಲೆ ಇಬ್ಬರಿಗೂ ಅಶೋಕ ಚಕ್ರ ಕೊಟ್ಟರು. 29ರ ಬೆಳಿಗ್ಗೆ ಎಲ್ಲ ಮುಗಿಯಿತು. ಸತ್ತವರು 166 ಜನ. ನಮ್ಮ ಹೋಟೆಲಿಗೆ ವಾರಗಟ್ಟಲೆ ಗಿರಾಕಿ ಇರಲಿಲ್ಲ. ಆ ಮಾಣಿ ಊರಿಗೆ ಹೋದವನು ಮತ್ತೆ ಮುಂಬಯಿಗೆ ಬರಲಿಲ್ಲ.

ಹೋದ ತಿಂಗಳು ನಾನೂ ಬರ್ತೀನಿ ಅಂದೆ ಸುಬೇದಾರ್ರಿಗೆ. ಬೆಳಿಗ್ಗೆ 5:40ರ ಇಂದ್ರಾಯಣಿ ಎಕ್ಸ್‌ಪ್ರೆಸ್ ಹತ್ತಿದೆವು. ಶಿವಾಜಿನಗರದಲ್ಲಿ ಇಳಿದು ಆಟೋದಲ್ಲಿ ಖಡ್ಕಿಗೆ. ಅಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ 1974ರಲ್ಲಿ ಶುರುವಾದ ಪುನರ್ವಸತಿ ಕೇಂದ್ರವಿದೆ. ಗಾಲಿಕುರ್ಚಿಯಲ್ಲಿ ಕೂತು ಬಾಸ್ಕೆಟ್‌ಬಾಲ್ ಆಡುವವರಿದ್ದಾರೆ. ಕೈಯೂ ಆಡದವರಲ್ಲಿ ಕೆಲವರು ಬಾಯಲ್ಲಿ ಕುಂಚ ಕಚ್ಚಿ ಚಿತ್ರ ಬರೆಯುತ್ತಾರೆ. ನಾನು ಅಳುತ್ತೇನೇನೋ ಅಂದುಕೊಂಡು ಹೋಗಿದ್ದೆ. ಅವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಹೋಟೆಲಿನವರು ಅಂತ ತಿಳಿದ ಕೂಡಲೇ ಸಾಂಬಾರಿಗೆ ಏನೇನು ಹಾಕುತ್ತೀರಿ ಅಂತ ಶುರುಮಾಡಿದರು.

ಸುಬೇದಾರ್ರ ಬಡ್ಡಿ ಕಿಟಕಿಯ ಹತ್ತಿರ ಕಾಯುತ್ತಿದ್ದರು. ಸಾತಾರಾ ಕಡೆಯವರು, ಮರಾಠಿ ಮಾತು. ಸೊಂಟದ ಕೆಳಗೆ ಸ್ಪರ್ಶವಿಲ್ಲ. ಬಂದು ಮುಟ್ಟಿದ ಕೂಡಲೇ ಇವರ ಕೈಯಿಂದ ಚೀಲ ಕಿತ್ತುಕೊಂಡು ಶೀರಾದ ವಾಸನೆ ನೋಡಿ, ತುಪ್ಪ ಕಡಿಮೆ ಅಂತ ನನ್ನ ಮೇಲೆ ರೇಗಿದರು. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಗುಂಡು ಎಲ್ಲಿ ಬಿತ್ತು, ಯಾರು ಯಾರನ್ನು ಹೊತ್ತು ತಂದರು, ಅದೂ ಬರಲಿಲ್ಲ. ಸುಬೇದಾರ್ರು ಸುಮ್ನೆ ಅವರ ಉಗುರು ಕತ್ತರಿಸಿದರು, ರೇಡಿಯೊದ ಸೆಲ್ ಬದಲಿಸಿದರು.

ಮಧ್ಯಾಹ್ನ ಅವರನ್ನು ಹೊರಗೆ ಮರದ ನೆರಳಿಗೆ ಕರೆದುಕೊಂಡು ಹೋಗಬೇಕಿತ್ತು. ಬಾಗಿಲಿನಿಂದಾಚೆ ಇಳಿಜಾರು ಇದೆ. ಸುಬೇದಾರ್ರು ಕುರ್ಚಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿದರು. ಹಿಂದಿನಿಂದ ಬಗ್ಗಿ ಸೊಂಟದ ಪಟ್ಟಿ ಎಳೆದು ನೋಡಿದರು. ಕೊಂಡಿ ಮುಟ್ಟಿದರು. ಎರಡೂ ಗಾಲಿ ನೋಡಿದರು. ಆಮೇಲೆ ಅವರ ಬೆನ್ನ ಮೇಲೆ ಎರಡು ಸಲ ತಟ್ಟಿದರು.

ಅವರು ತಿರುಗಿ ನೋಡಲಿಲ್ಲ. ಬ್ರೇಕ್ ಬಿಟ್ಟರು.