ಕಣ್ಣಿಲ್ಲದ ಗುರುವಿನ ಔತಣ

ಕೇಳುಗರಿಗೆ ನಮಸ್ಕಾರ.

ಸುಮಾರು 1700 ವರ್ಷಗಳ ಹಿಂದೆ ಬ್ಯಾಬಿಲೋನಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ, ರಾವ್ ಯೋಸೇಫ್ ಎಂಬ ಯಹೂದಿ ಗುರು ಇದ್ದರು. ಕಣ್ಣು ಕಾಣುತ್ತಿರಲಿಲ್ಲ. ಓದಿದ್ದು, ಕೇಳಿದ್ದು ಮಾತ್ರ ತಲೆಯಲ್ಲಿ ಭದ್ರ. ಅದಕ್ಕೇ ಅವರಿಗೆ ‘ಸಿನಾಯ್’ ಅಂತ ಅಡ್ಡಹೆಸರು. ದೇವರು ಮೋಶೆಗೆ ಕಟ್ಟಳೆ ಕೊಟ್ಟ ಬೆಟ್ಟದ ಹೆಸರದು.

ಯಹೂದಿಗಳ ಲೆಕ್ಕದಲ್ಲಿ ಆ ಕಟ್ಟಳೆಗಳು 613. ಒಂದೊಂದನ್ನೂ ಮಿತ್ಸ್ವಾ ಅನ್ನುತ್ತಾರೆ. ಕಣ್ಣಿಲ್ಲದವರೂ ಇವನ್ನು ಪಾಲಿಸಲೇಬೇಕಾ ಅಂತ ಒಂದು ಚರ್ಚೆ ಇತ್ತು. ಯೆಹೂದಾ ಎಂಬ ರಬ್ಬಿ, ಅಂದರೆ ಧರ್ಮಗುರು, ಬೇಕಿಲ್ಲ, ಅವರಿಗೆ ವಿನಾಯಿತಿ ಅಂದಿದ್ದರು.

ರಾವ್ ಯೋಸೇಫರಿಗೆ ಇದು ಖುಷಿಯ ವಿಷಯ. ‘ರಬ್ಬಿ ಯೆಹೂದಾ ಹೇಳಿದ್ದೇ ಸರಿ ಅಂತ ಯಾರಾದರೂ ನನಗೆ ಹೇಳಲಿ, ಪಂಡಿತರಿಗೆಲ್ಲ ಔತಣ ಹಾಕಿಸುತ್ತೇನೆ’ ಅಂದರು. ಯಾಕೆ? ಮಾಡಬೇಕಾಗಿಲ್ಲದಿದ್ದರೂ ಎಲ್ಲವನ್ನೂ ಮಾಡುತ್ತಿದ್ದೇನೆ, ನನ್ನ ಪುಣ್ಯ ಜಾಸ್ತಿ ಅಲ್ವಾ ಅಂತ.

ಆಮೇಲೆ ರಬ್ಬಿ ಹನೀನಾ ಅವರ ಒಂದು ಮಾತು ಅವರ ಕಿವಿಗೆ ಬಿತ್ತು. ತಾನಾಗಿ ಮಾಡುವವನಿಗಿಂತ ಹೊಣೆ ಹೊತ್ತು ಮಾಡುವವನೇ ದೊಡ್ಡವನು, ಅಂತ. ರಾವ್ ಯೋಸೇಫ್ ತಕ್ಷಣ ಮಾತು ತಿರುಗಿಸಿದರು: ‘ರಬ್ಬಿ ಯೆಹೂದಾ ಹೇಳಿದ್ದು ಸರಿಯಲ್ಲ ಅಂತ ಯಾರಾದರೂ ಹೇಳಲಿ, ಆಗ ಔತಣ ಹಾಕಿಸುತ್ತೇನೆ!’

ಯಹೂದಿ ಗುರುಗಳ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ ಬರುವ ಈ ಪ್ರಸಂಗ ಮೊದಲ ಸಲ ಕೇಳಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಯಾರೂ ಹೇಳದೆ ಮಾಡಿದ್ದೇ ಹೆಚ್ಚು ಅಂತಲ್ಲವೇ ನಾವು ಅಂದುಕೊಂಡಿರುವುದು?

ಆಮೇಲೆ ನಮ್ಮ ಮನೆಯ ಪಾತ್ರೆಗಳ ನೆನಪಾಯಿತು. ಯಾವತ್ತೋ ಒಂದು ರಾತ್ರಿ ನಾನು ಪಾತ್ರೆ ತೊಳೆದರೆ ಅದು ಮನೆಯವರಿಗೆಲ್ಲ ಗೊತ್ತಾಗಬೇಕು. ‘ಸಿಂಕ್ ನೋಡಿದ್ಯಾ?’ ಅಂತ ಎರಡು ಸಲವಾದರೂ ಕೇಳುತ್ತೇನೆ. ಯಾರೂ ಹೊಗಳದಿದ್ದರೆ ಮುನಿಸು ಬೇರೆ. ದಿನಾ ತೊಳೆಯುವವರು ಕೈ ಒರೆಸಿಕೊಂಡು ಸುಮ್ನೆ ಮಲಗುತ್ತಾರೆ. ನಾನು ಮಾಡಿದ್ದು ಉಪಕಾರ. ಉಪಕಾರ ಮಾಡಿದವನಿಗೆ ಬಾಕಿ ಬರಬೇಕಾದದ್ದು ಏನೋ ಇದ್ದೇ ಇರುತ್ತದೆ.

ಮಧ್ಯಯುಗದ ಫ್ರಾನ್ಸಿನ ಯಹೂದಿ ಪಂಡಿತರು ಇದಕ್ಕೆ ಒಂದು ಚೆಂದದ ಹೋಲಿಕೆ ಕೊಟ್ಟರು. ಹೊಣೆ ಇಲ್ಲದವನು ಬುಟ್ಟಿಯಲ್ಲಿ ರೊಟ್ಟಿ ಇಟ್ಟುಕೊಂಡವನ ಹಾಗೆ. ಬೇಕಾದರೆ ಮಾಡಿದ, ಬೇಡವಾದರೆ ಬಿಟ್ಟ. ಹೊಣೆ ಇರುವವನಿಗೆ ಆ ನಿರಾಳ ಇಲ್ಲ. ಎಲ್ಲಿ ತಪ್ಪಿಹೋಗುತ್ತದೋ ಅನ್ನುವ ಆತಂಕ ಇಟ್ಟುಕೊಂಡೇ ಅವನು ಮಾಡಬೇಕು.

ದಾನಕ್ಕೆ ಯಹೂದಿಗಳು ಹೇಳುವ ಪದ ತ್ಸೆದಾಕಾ. ಅದರ ಬೇರು ಕರುಣೆಯಲ್ಲಿ ಇಲ್ಲ, ನ್ಯಾಯದಲ್ಲಿದೆ. ಅವರ ಕಟ್ಟಳೆಯ ಪ್ರಕಾರ ಹೊಲ ಕೊಯ್ಯುವಾಗ ಒಂದು ಮೂಲೆಯನ್ನು ಕೊಯ್ಯದೆ ಬಿಡಬೇಕು. ಮರೆತುಹೋದ ಸಿವುಡಿಗೆ ವಾಪಸ್ ಹೋಗಬಾರದು. ಬಿದ್ದ ತೆನೆಯ ಹಕ್ಕಲು ಬಡವರಿಗೆ. ಬೈಬಲ್ಲಿನ ರೂತಳು ಅತ್ತೆಯ ಹೊಟ್ಟೆ ತುಂಬಿಸಿದ್ದು ಹೀಗೆ ಹಕ್ಕಲಾಯ್ದು. ನನಗೆ ಬೇಕಾದ ಬಡವನಿಗೇ ಆ ಮೂಲೆ ಕೊಡುತ್ತೇನೆ ಅಂತ ಹೊಲದವನು ಹೇಳುವ ಹಾಗಿಲ್ಲ. ಬಂದವರು ಕೊಯ್ದುಕೊಂಡು ಹೋಗುತ್ತಾರೆ, ಅಷ್ಟೆ. ಕೊಟ್ಟೆ ಅಂತ ಬೀಗುವುದಕ್ಕೆ ಜಾಗವೇ ಇಲ್ಲ.

ಇನ್ನೊಂದು ನಿಯಮವಂತೂ ಮೇಲ್ನೋಟಕ್ಕೆ ಕಟುಕರದ್ದು ಅನ್ನಿಸುತ್ತದೆ. ದಾನದಲ್ಲೇ ಬದುಕುವ ಬಡವನೂ ತನಗೆ ಸಿಕ್ಕಿದ್ದರಲ್ಲಿ ದಾನ ಕೊಡಬೇಕು. 12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಯಹೂದಿ ಪಂಡಿತ ಮೈಮೋನಿಡೀಸ್ ಇದನ್ನು ತಮ್ಮ ಶಾಸ್ತ್ರಗ್ರಂಥದಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ಅಯ್ಯೋ, ಅವನನ್ನಾದರೂ ಬಿಡಬಾರದಿತ್ತೇ? ಬಿಟ್ಟಿದ್ದರೆ ಅವನು ಬರೀ ಕೈಚಾಚುವವನಾಗಿ ಉಳಿಯುತ್ತಿದ್ದ. ರಾವ್ ಯೋಸೇಫರ ಹಟವೂ ಇದೇ ಅಲ್ವಾ? ಪಾಪ, ಕಣ್ಣಿಲ್ಲ, ಬಿಡಿ ಅನ್ನಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು.

ಯಹೂದಿ ಹುಡುಗನಿಗೆ 13 ವರ್ಷ ತುಂಬಿದಾಗ ಬಾರ್ ಮಿತ್ಸ್ವಾ. ಅವತ್ತಿನಿಂದ ಕಟ್ಟಳೆಗಳೆಲ್ಲ ಅವನ ತಲೆಯ ಮೇಲೆ. ಹುಡುಗ ಎಲ್ಲರೆದುರು ಯಹೂದಿಗಳ ಪವಿತ್ರ ಗ್ರಂಥ ತೋರಾ ಓದುತ್ತಾನೆ. ಆ ವಯಸ್ಸಿಗೆ ಗಂಟಲು ಬೇರೆ ಒಡೆದಿರುತ್ತದೆ. ಅಪ್ಪ ಎದ್ದು, ಇವನ ಹೊಣೆಯಿಂದ ನನ್ನನ್ನು ಬಿಡಿಸಿದ ದೇವರಿಗೆ ಸ್ತೋತ್ರ ಅಂತ ಹೇಳುವ ರೂಢಿಯೂ ಇದೆ. ಆಮೇಲೆ ಭರ್ಜರಿ ಊಟ.

ಆ ಊಟಕ್ಕೆ ಆಧಾರ ಎಲ್ಲಿದೆ ಅಂತ 16ನೇ ಶತಮಾನದ ಪೋಲೆಂಡಿನ ರಬ್ಬಿ ಸೊಲೊಮನ್ ಲೂರಿಯಾ ಹುಡುಕಿದರು. ಅವರಿಗೆ ಸಿಕ್ಕಿದ್ದು ರಾವ್ ಯೋಸೇಫ್ ಹಾಕಿಸುತ್ತೇನೆ ಅಂದ ಔತಣ.

ನಮಸ್ಕಾರ.